ಕಿವಿ ಸೋರುವುದು ನಿಲ್ಲದೆ ಮುಖವೂ ವಾರೆಯಾದರೆ

ಸಹೋದರಿಯರೇ, ನಮ್ಮ ಘಟಪ್ರಭಾ, ಗೋಕಾಕ, ಮೂಡಲಗಿ ಕಡೆ ಕಿವಿ ಸೋರಿದರೆ ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಡುತ್ತಾರೆ. ಬಾಯಿ ವಾರೆಯಾದರೆ ‘ಲಕ್ವಾ ಹೊಡೆದಿದೆ’ ಎಂದು ನಾಟಿ ಔಷಧಿ ಹುಡುಕಿಕೊಂಡು ಹೋಗುತ್ತಾರೆ. ಕಿವಿ ಸೋರುವುದು ಹೆಚ್ಚಾಗಿ ಸೋಂಕಿನಿಂದಲೇ, ನಿಜ. ಮುಖದ ಒಂದು ಪಕ್ಕ ಜೋಲುವುದೂ ಅನೇಕರಲ್ಲಿ ಕೆಲವು ವಾರಗಳಲ್ಲಿ ಸರಿಹೋಗುತ್ತದೆ. (ಆದರೂ ಮುಖ ಹಠಾತ್ತನೆ ವಾರೆಯಾದರೆ ತಕ್ಷಣವೇ ಆಸ್ಪತ್ರೆಗೆ ಹೋಗಬೇಕು, ಅದು ಮೆದುಳಿನ ಪಾರ್ಶ್ವವಾಯುವೂ ಆಗಿರಬಹುದು.) ಆದರೆ ಆ್ಯಂಟಿಬಯೋಟಿಕ್‌ಗೂ ಬಗ್ಗದೆ ಕಿವಿ ಸೋರುತ್ತಾ, ಕೇಳಿಸುವುದು ಕಡಿಮೆಯಾಗುತ್ತಾ, ಅದೇ ಪಕ್ಕದ ಮುಖವೂ ಜೋಲಿದರೆ ಕಾರಣ ಬೇರೆ ಇರಬಹುದು.

ದೇಹದ ರಕ್ಷಣಾ ವ್ಯವಸ್ಥೆ ದಾರಿ ತಪ್ಪಿ ಸ್ವಂತ ಸಣ್ಣ ರಕ್ತನಾಳಗಳ ಮೇಲೆಯೇ ಎರಗುವ ಅಪರೂಪದ ಕಾಯಿಲೆಯೊಂದಿದೆ. 1930ರ ದಶಕದಲ್ಲಿ ಅದನ್ನು ವಿವರಿಸಿದ ಜರ್ಮನ್ ವೈದ್ಯ ವೆಗೆನರ್ ಹೆಸರಿನಲ್ಲೇ ಅದನ್ನು ಕರೆಯುತ್ತಿದ್ದರು. 2011ರಿಂದ ವೈದ್ಯರು ಗ್ರಾನ್ಯುಲೊಮಟೋಸಿಸ್ ವಿದ್ ಪಾಲಿಆಂಜೈಟಿಸ್, ಚಿಕ್ಕದಾಗಿ ಜಿಪಿಎ ಎನ್ನುತ್ತಾರೆ. ಹೆಸರು ನೆನಪಿಡಬೇಕಾಗಿಲ್ಲ, ಲಕ್ಷಣ ನೆನಪಿಟ್ಟರೆ ಸಾಕು.

ಮೂಗಿನ ಹಿಂಬದಿಯಿಂದ ಕಿವಿಗೆ ಸಣ್ಣ ಕೊಳವೆಯೊಂದಿದೆ. ಈ ಕಾಯಿಲೆಯಲ್ಲಿ ಮೂಗು ಬಾತು ಆ ಕೊಳವೆ ಮುಚ್ಚಿ ನಡುಗಿವಿಯಲ್ಲಿ ನೀರು ತುಂಬುತ್ತದೆ. ಒಳಗಿವಿಯ ರಕ್ತನಾಳಗಳು ಕೆಟ್ಟರೆ ಕಿವುಡು ಕಾಯಮ್ಮಾಗಬಹುದು. ಮುಖದ ನರ ಸಾಗುವುದೂ ನಡುಗಿವಿಯ ಪಕ್ಕದ ಇಕ್ಕಟ್ಟಾದ ಮೂಳೆಯ ಹಾದಿಯಲ್ಲೇ. ಅಲ್ಲಿ ಬಾವು ಬಂದರೆ ನರ ಅದುಮಿಹೋಗುತ್ತದೆ. ಆಗ ಕಣ್ಣು ಮುಚ್ಚುವುದಿಲ್ಲ, ಕುಡಿದ ನೀರು ಬಾಯಿಂದ ಜಾರುತ್ತದೆ.

ಮೂಗಿನಲ್ಲಿ ರಕ್ತ ಮತ್ತು ಗಟ್ಟಿ ಹಕ್ಕಳೆ, ಕಣ್ಣು ಕೆಂಪಾಗುವುದು, ಕೀಲುನೋವು, ಕೆಮ್ಮಿದಾಗ ರಕ್ತ, ತೂಕ ಇಳಿಯುವುದು ಇವುಗಳಲ್ಲಿ ಯಾವುದಿದ್ದರೂ ವೈದ್ಯರಿಗೆ ಮುಚ್ಚಿಡದೆ ಹೇಳಿ. ಮುಖ್ಯವಾಗಿ ಮೂತ್ರ ಪರೀಕ್ಷೆ ಮಾಡಿಸಿ. ಕಿವಿಗೂ ಮೂತ್ರಕ್ಕೂ ಏನು ಸಂಬಂಧ ಎನ್ನಬೇಡಿ. ನೋವೇ ಇಲ್ಲದೆ ಮೂತ್ರಪಿಂಡ ಹಾಳಾಗುತ್ತಿರಬಹುದು. ಆಂಕಾ ಎಂಬ ರಕ್ತಪರೀಕ್ಷೆಯೂ ಇದೆ. ಕಾಯಿಲೆ ಕಿವಿ-ಮೂಗಿಗಷ್ಟೇ ಸೀಮಿತವಾಗಿದ್ದಾಗ ಅದು ಕೆಲವೊಮ್ಮೆ ನೆಗೆಟಿವ್ ಬರುತ್ತದೆ. ಕ್ಷಯವೂ ಕಿವಿಯಲ್ಲಿ ಇದೇ ತರಹ ಕಾಣಿಸಿಕೊಳ್ಳುವುದರಿಂದ ನಮ್ಮ ದೇಶದಲ್ಲಿ ಅದನ್ನೂ ಪರೀಕ್ಷಿಸಲೇಬೇಕು. ಊರಿನ ವೈದ್ಯರು ಮುಂದೆ ಕಳುಹಿಸಿದರೆ ತಡಮಾಡಬೇಡಿ. ಬೆಳಗಾವಿ, ಮೀರಜ್ ಎರಡೂ ನಮ್ಮ ರೈಲುದಾರಿಯಲ್ಲೇ ಇವೆ.

ಚಿಕಿತ್ಸೆಯೇ ಇಲ್ಲದ ಕಾಲದಲ್ಲಿ ಕಾಯಿಲೆ ಮೂತ್ರಪಿಂಡಕ್ಕೆ ಹರಡಿದವರಲ್ಲಿ ಹೆಚ್ಚಿನವರು ವರ್ಷದೊಳಗೆ ತೀರಿಕೊಳ್ಳುತ್ತಿದ್ದರು. ಈಗ ಸ್ಟಿರಾಯ್ಡ್ ಜೊತೆಗೆ ರಿಟುಕ್ಸಿಮ್ಯಾಬ್ ಅಥವಾ ಸೈಕ್ಲೊಫಾಸ್ಫಮೈಡ್ ಕೊಟ್ಟು ಕಾಯಿಲೆಯನ್ನು ಹತೋಟಿಗೆ ತರುತ್ತಾರೆ. ಬೇಗ ಆರಂಭಿಸಿದರೆ ಮುಖ ಸಾಕಷ್ಟು ಸರಿಯಾಗಬಹುದು. ಸೈಕ್ಲೊಫಾಸ್ಫಮೈಡ್ ಮುಟ್ಟು ನಿಲ್ಲಿಸಬಹುದು, ಗರ್ಭಕ್ಕೂ ಅಪಾಯ. ಮಕ್ಕಳು ಬೇಕೆನ್ನುವವರು ಸಂಕೋಚ ಬಿಟ್ಟು ಮೊದಲೇ ಕೇಳಬೇಕು. ಗಂಡನನ್ನೋ ಅತ್ತೆಯನ್ನೋ ಕೇಳಲು ಕಳಿಸಿ ತಾನು ಹೊರಗೆ ಕೂರುವ ವಿಷಯವಲ್ಲ ಇದು.

ಸ್ಟಿರಾಯ್ಡನ್ನು ಒಮ್ಮೆಲೇ ನಿಲ್ಲಿಸಬಾರದು. ರಮಝಾನಿನಲ್ಲಿ ಉಪವಾಸಕ್ಕಾಗಿ ಮಾತ್ರೆ ಬಿಡುವವರಿದ್ದಾರೆ. ರೋಗಿಗೆ ಉಪವಾಸವನ್ನು ಬೇರೆ ದಿನಗಳಿಗೆ ಮುಂದೂಡುವ ರಿಯಾಯಿತಿಯನ್ನು ಅಲ್ ಬಕರ ಅಧ್ಯಾಯದಲ್ಲೇ ಕೊಡಲಾಗಿದೆ.

ಮುಖ ಸರಿಯಾಗುವ ತನಕ ಕಣ್ಣಿನ ಬಗ್ಗೆ ಎಚ್ಚರವಿರಲಿ. ಮುಚ್ಚದ ಕಣ್ಣು ಒಣಗಿ ಹುಣ್ಣಾಗುತ್ತದೆ. ಹಗಲು ವೈದ್ಯರು ಹೇಳಿದ ಹನಿ, ರಾತ್ರಿ ಮುಲಾಮು ಹಾಕಿ, ರೆಪ್ಪೆಯನ್ನು ಪೂರ್ತಿ ಮುಚ್ಚಿ ಟೇಪು ಅಂಟಿಸಿ ಮಲಗಬೇಕು. ಒಲೆಯ ಹೊಗೆಯ ಮುಂದೆ ಕೂರುವ ಕೆಲಸವನ್ನು ಅಷ್ಟು ದಿನ ಮನೆಯ ಬೇರೆಯವರು ನೋಡಿಕೊಳ್ಳಲಿ.