ನಿಮಗಿದು ಗೊತ್ತೇ? ಬ್ರೇಕಿಲ್ಲದ ಬೈಕು, ಹದಿನೈದರ ಹುಡುಗ

● ಈ ಬೈಕಿಗೆ ಬ್ರೇಕೇ ಇಲ್ಲ. ಗೇರ್ ಒಂದೇ. ಹಿಂದಿನ ಚಕ್ರಕ್ಕೆ ಸಸ್ಪೆನ್ಷನ್ ಕೂಡ ಇಲ್ಲ. 500 ಸಿಸಿಯ ಎಂಜಿನ್ನಿಗೆ ಹಾಕುವುದು ಪೆಟ್ರೋಲಲ್ಲ, ಮೆಥನಾಲ್. ಹೀಗೆ ಇಲ್ಲಗಳ ಮೇಲೆ ಕೂತು, ಮಣ್ಣಿನ ಟ್ರ್ಯಾಕಿನಲ್ಲಿ ನಾಲ್ವರು ನಾಲ್ಕು ಸುತ್ತು ಹೊಡೆಯುವುದೇ ಸ್ಪೀಡ್‌ವೇ. ಹೆಚ್ಚುಕಡಿಮೆ ಒಂದು ನಿಮಿಷದಲ್ಲಿ ಎಲ್ಲ ಮುಗಿದಿರುತ್ತದೆ. ಈ ಆಟದಲ್ಲಿ ಮೂರು ಸಲ ವಿಶ್ವ ಚಾಂಪಿಯನ್ ಆದ ಮೊದಲ ಬ್ರಿಟಿಷ್ ಸವಾರ ಟೈ ವಾಫಿಂಡೆನ್. ಅವನ ಆರಂಭದ ದಿನಗಳ ಕಥೆ ಮಾತ್ರ ಅಷ್ಟೇನೂ ನುಣುಪಾಗಿಲ್ಲ.

● ಹುಟ್ಟಿದ್ದು 1990ರ ಆಗಸ್ಟ್ 10ರಂದು, ಇಂಗ್ಲೆಂಡಿನ ಉಕ್ಕಿನ ಕಾರ್ಖಾನೆಗಳ ಊರು ಸ್ಕಂತಾರ್ಪ್‌ನಲ್ಲಿ. ಬೆಳೆದದ್ದು ಆಸ್ಟ್ರೇಲಿಯಾದ ಪರ್ತ್‌ನಲ್ಲಿ. ಚಿಕ್ಕಂದಿನಲ್ಲೇ ಮನೆಯವರೆಲ್ಲ ಅಲ್ಲಿಗೆ ಹೋಗಿ ನೆಲೆಸಿದ್ದರು. ಹಾಗಾಗಿ ಬ್ರಿಟನ್ನಿನ ಧ್ವಜ ಹಿಡಿದು ನಿಂತರೂ ಬಾಯಿ ತೆರೆದರೆ ಕೇಳುವುದು ಆಸ್ಟ್ರೇಲಿಯಾದ ಧಾಟಿ! ಅದರಲ್ಲೇನೂ ತಪ್ಪಿಲ್ಲ ಬಿಡಿ, ಈ ಆಟವೇ 1920ರ ದಶಕದಲ್ಲಿ ಆಸ್ಟ್ರೇಲಿಯಾದಲ್ಲಿ ಕುದುರಿ ಬ್ರಿಟನ್ನಿಗೆ ಬಂದದ್ದು.

● ತಂದೆ ರಾಬ್ ಕೂಡ ಸ್ಪೀಡ್‌ವೇ ಸವಾರರೇ. ಮಗನ ಮೊದಲ ಗುರು ಯಾರೆಂದು ಬೇರೆ ಹೇಳಬೇಕಿಲ್ಲ.

● 2006ರಲ್ಲಿ, ಇನ್ನೂ ಹದಿನೈದರ ಹುಡುಗ, ಮರಳಿ ಇಂಗ್ಲೆಂಡಿಗೆ ಬಂದ. ಸೇರಿದ್ದು ಹುಟ್ಟೂರಿನದೇ ತಂಡ ಸ್ಕಂತಾರ್ಪ್ ಸ್ಕಾರ್ಪಿಯನ್ಸ್. ಆಗ ಅದು ಆಡುತ್ತಿದ್ದದ್ದು ಬ್ರಿಟನ್ನಿನ ಮೂರನೇ ದರ್ಜೆಯ ಲೀಗಿನಲ್ಲಿ. ಮರುವರ್ಷ ಎರಡನೇ ದರ್ಜೆಯ ರೈ ಹೌಸ್ ರಾಕೆಟ್ಸ್. 2009ರ ಹೊತ್ತಿಗೆ ಮೇಲ್ದರ್ಜೆಯ ವುಲ್ವರ್‌ಹ್ಯಾಂಪ್ಟನ್ ವುಲ್ವ್ಸ್. ಮೂರೇ ವರ್ಷದಲ್ಲಿ ಮೂರು ಮೆಟ್ಟಿಲು.

● ಸ್ಪೀಡ್‌ವೇಯಲ್ಲಿ ತಿರುವುಗಳೆಲ್ಲ ಎಡಕ್ಕೇ. ಅದಕ್ಕೇ ಸವಾರನ ಎಡಗಾಲಿನ ಬೂಟಿನಡಿ ಒಂದು ಉಕ್ಕಿನ ತಗಡು ಬಿಗಿದಿರುತ್ತದೆ. ತಿರುವು ಬಂತೋ, ಅವನು ಹಿಂದಿನ ಚಕ್ರವನ್ನು ಬೇಕೆಂದೇ ಜಾರಿಸುತ್ತಾನೆ. ಬೈಕು ಎಡಕ್ಕೆ ಹೊರಳುತ್ತಿದ್ದರೂ ಹ್ಯಾಂಡಲ್ ಬಲಕ್ಕೆ ತಿರುಗಿರುತ್ತದೆ, ತಗಡಿನ ಕಾಲು ನೆಲ ಉಜ್ಜುತ್ತಿರುತ್ತದೆ, ಚಕ್ರ ಕಿತ್ತೆಸೆದ ಮಣ್ಣೆಲ್ಲ ಹಿಂದೆ ಬರುವವನ ಮುಖಕ್ಕೆ. ಸವಾರನ ಮಣಿಕಟ್ಟಿನಿಂದ ಬೈಕಿಗೆ ಒಂದು ದಾರ ಕಟ್ಟಿರುತ್ತದೆ. ಅವನು ಉರುಳಿ ಬಿದ್ದರೆ ದಾರ ಕಿತ್ತು ಎಂಜಿನ್ ತಾನಾಗಿ ನಿಲ್ಲುತ್ತದೆ. ಹದಿನೈದನೇ ವಯಸ್ಸಿಗೆ ಇದನ್ನು ಹೊಟ್ಟೆಪಾಡು ಮಾಡಿಕೊಳ್ಳುವುದಕ್ಕೆ ಎಂಟೆದೆಯೇ ಬೇಕು.

● ಗೆದ್ದವನಿಗೆ 3 ಅಂಕ, ಎರಡನೆಯವನಿಗೆ 2, ಮೂರನೆಯವನಿಗೆ 1. ಕೊನೆಯವನಿಗೆ ಸೊನ್ನೆ ಮತ್ತು ಮೈತುಂಬ ಮಣ್ಣು.

● ಸವಾರರು ಒಂದೇ ತಂಡಕ್ಕೆ ಅಂಟಿಕೊಳ್ಳಬೇಕೆಂದಿಲ್ಲ. ಟೈನ ಆರಂಭದ ದಿನಗಳ ವಾಡಿಕೆ ನೋಡಿ: ಸೋಮವಾರ ವುಲ್ವರ್‌ಹ್ಯಾಂಪ್ಟನ್, ಮಂಗಳವಾರ ಸ್ವೀಡನ್, ಭಾನುವಾರ ಪೋಲೆಂಡ್. ನಡುವೆ ಶನಿವಾರ ಬಿಡುವು ಅಂದುಕೊಂಡಿರಾ? ಅದು ವಿಶ್ವ ಚಾಂಪಿಯನ್‌ಷಿಪ್ಪಿನ ಗ್ರ್ಯಾನ್ ಪ್ರಿ ದಿನ.

● 2010ರ ಜನವರಿಯಲ್ಲಿ ತಂದೆ ಕ್ಯಾನ್ಸರ್‌ನಿಂದ ತೀರಿಕೊಂಡರು. ಟೈಗೆ ಆಗ 19. ಅದೇ ವರ್ಷ ಮೊದಲ ಬಾರಿಗೆ ಗ್ರ್ಯಾನ್ ಪ್ರಿ ಸರಣಿಯಲ್ಲಿ ಪೂರ್ತಿ ಸ್ಥಾನ ಸಿಕ್ಕಿತ್ತು. ಫಲಿತಾಂಶ ನೀರಸ: ಮುಂದಿನ ವರ್ಷಕ್ಕೆ ಆಗ ಸ್ಥಾನ ಉಳಿಸಿಕೊಡುತ್ತಿದ್ದ ಮೊದಲ ಎಂಟರ ಹತ್ತಿರಕ್ಕೂ ಬರಲಿಲ್ಲ. 2011 ಮತ್ತು 2012ರ ಸರಣಿಗಳಲ್ಲಿ ಅವನಿಗೆ ಕಾಯಂ ಜಾಗ ಇರಲಿಲ್ಲ. ಅಷ್ಟು ಎಳೆಯನನ್ನು ಅಷ್ಟು ಬೇಗ ಅಲ್ಲಿಗೆ ತಳ್ಳಬಾರದಿತ್ತು ಎಂದೇ ನನಗನ್ನಿಸುತ್ತದೆ.

● 2013ರಲ್ಲಿ ಮತ್ತೆ ಕಾಲಿಟ್ಟದ್ದೂ ಅರ್ಹತಾ ಸುತ್ತು ಗೆದ್ದಲ್ಲ, ಆಯೋಜಕರು ಕೊಟ್ಟ ವೈಲ್ಡ್ ಕಾರ್ಡ್ ಹಿಡಿದು. ಯಾರೂ ಅವನನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಪ್ರಾಗ್‌ನಲ್ಲಿ ಜೀವನದ ಮೊದಲ ಗ್ರ್ಯಾನ್ ಪ್ರಿ ಗೆದ್ದ. ನಡುವೆ ಕೊರಳೆಲುಬು ಮುರಿಯಿತು. ಆದರೂ ರೇಸಿಗಿಳಿದ. ಅಕ್ಟೋಬರ್ 5ರಂದು ಪೋಲೆಂಡಿನ ಟೊರುನ್‌ನಲ್ಲಿ ಸರಣಿ ಮುಗಿದಾಗ ಪೋಲೆಂಡಿನವನೇ ಆದ ಯಾರೊಸ್ಲಾವ್ ಹಾಂಪೆಲ್ ಎರಡನೇ ಸ್ಥಾನದಲ್ಲಿದ್ದ, ಟೈ ವಿಶ್ವ ಚಾಂಪಿಯನ್ ಆಗಿದ್ದ. ವಯಸ್ಸು 23. ಆಮೇಲೆ 2015 ಮತ್ತು 2018ರಲ್ಲೂ ಪಟ್ಟ ಅವನದೇ.

● ಅವನ ಅಂಗಿಯ ಸಂಖ್ಯೆ 108! 2014ರಿಂದ ಗ್ರ್ಯಾನ್ ಪ್ರಿ ಸವಾರರು ತಮಗೆ ಬೇಕಾದ ಸಂಖ್ಯೆ ಆರಿಸಿಕೊಳ್ಳಬಹುದಾಯಿತು. ಅಷ್ಟೋತ್ತರಕ್ಕೂ ಇದಕ್ಕೂ ನಂಟು ಹುಡುಕಲು ಹೋಗಬೇಡಿ.

● ಟೈಗಿಂತ ಮುಂಚೆ ವಿಶ್ವ ಚಾಂಪಿಯನ್ ಪಟ್ಟ ಗೆದ್ದ ಕೊನೆಯ ಬ್ರಿಟಿಷ್ ಸವಾರ ಮಾರ್ಕ್ ಲೋರಮ್, 2000ದಲ್ಲಿ. ಆ ವರ್ಷ ಲೋರಮ್ ಒಂದೇ ಒಂದು ಗ್ರ್ಯಾನ್ ಪ್ರಿ ಕೂಡ ಗೆಲ್ಲಲಿಲ್ಲ. ಬರೀ ಅಂಕ ಕೂಡಿಸಿಕೂಡಿಸಿಯೇ ವಿಶ್ವ ಚಾಂಪಿಯನ್ ಆದ.