ಖಾಲಿ ಜಾಗದಲ್ಲಿ ಬಂದ ಆಜ್ಞೆ

2016ರ ಮಾರ್ಚ್‌ನಲ್ಲಿ ದ್ವಿತೀಯ ಪಿಯುಸಿ ರಸಾಯನಶಾಸ್ತ್ರದ ಪ್ರಶ್ನೆಪತ್ರಿಕೆ ಎರಡು ಸಲ ಬಯಲಾಗಿ, ಕೊನೆಗೆ ಪರೀಕ್ಷೆ ನಡೆದದ್ದು ಏಪ್ರಿಲ್ 12ರಂದು. ಕಂಪ್ಯೂಟರಿನಲ್ಲೇ ಪರೀಕ್ಷೆ ನಡೆಸಿದರೆ ಈ ಕಾಟ ತಪ್ಪೀತಲ್ಲ ಎನ್ನುವ ಪಾಲಕರಿದ್ದಾರೆ. ಅಲ್ಲಿಯೂ ಬೀಗ ಭದ್ರವಾಗಿರಬೇಕು.

ಆನ್‌ಲೈನ್ ಪರೀಕ್ಷೆಯ ಪ್ರಶ್ನೆ, ಉತ್ತರ, ಅಂಕಗಳೆಲ್ಲ ಇರುವುದು ದತ್ತಸಂಚಯದಲ್ಲಿ. ಅದರೊಡನೆ ತಂತ್ರಾಂಶ ಮಾತನಾಡುವ ಭಾಷೆ ಎಸ್‌ಕ್ಯೂಎಲ್. ಶಾಲೆಯ ಗುಮಾಸ್ತರ ಬಳಿ ಅಚ್ಚಾದ ಚೀಟಿಯೊಂದಿದೆ ಎನ್ನಿ: ‘ನೋಂದಣಿ ಸಂಖ್ಯೆ ......, ಇವರ ಅಂಕಪಟ್ಟಿ ಕೊಡಿ.’ ಖಾಲಿ ಜಾಗದಲ್ಲಿ ತುಂಟನೊಬ್ಬ ‘27, ಇಲ್ಲವೇ ಯಾವುದಾದರೂ’ ಎಂದು ಬರೆದರೆ ಗುಮಾಸ್ತರು ನಕ್ಕು ಚೀಟಿ ಹರಿದಾರು. ಬರೆದದ್ದನ್ನು ಹಾಗೆಯೇ ವಾಕ್ಯಕ್ಕೆ ಅಂಟಿಸುವ ತಂತ್ರಾಂಶಕ್ಕೆ ನಗು ಬಾರದು. ಇಡೀ ಶಾಲೆಯ ಅಂಕಪಟ್ಟಿಯನ್ನೇ ಕೈಗಿಡುತ್ತದೆ. ಕೆಲವೊಮ್ಮೆ ಅಂಕ ತಿದ್ದಲೂ ಬಿಡುತ್ತದೆ. ಇದೇ ಎಸ್‌ಕ್ಯೂಎಲ್ ಇಂಜೆಕ್ಷನ್.

1998ರ ಡಿಸೆಂಬರಿನಲ್ಲೇ ‘ಫ್ರ್ಯಾಕ್’ ಎಂಬ ಪತ್ರಿಕೆಯಲ್ಲಿ ಇದರ ವಿವರ ಬಂದಿತ್ತು. ಮದ್ದೂ ಹೊಸದಲ್ಲ: ವಾಕ್ಯವನ್ನು ಮೊದಲೇ ದತ್ತಸಂಚಯಕ್ಕೆ ಒಪ್ಪಿಸಿ, ವಿದ್ಯಾರ್ಥಿ ಬರೆದದ್ದನ್ನು ಬೇರೆಯಾಗಿ ಕಳುಹಿಸಬೇಕು. ಆಗ ಅವನು ಏನೇ ಬರೆಯಲಿ, ಅದು ಬರೀ ಉತ್ತರ, ಆಜ್ಞೆಯಾಗದು. ಆದರೂ ಪುಕ್ಕಟೆ ಸಿಗುವ ಪರೀಕ್ಷಾ ತಂತ್ರಾಂಶಗಳಲ್ಲಿ ಈ ತೂತು ಇಂದಿಗೂ ಕಾಣಸಿಗುತ್ತದೆ. ಕಾಲೇಜು ಪ್ರಾಜೆಕ್ಟಿಗೆಂದು ಅವನ್ನು ನಕಲಿಸುವ ಮಕ್ಕಳು ತೂತನ್ನೂ ನಕಲಿಸುತ್ತಾರೆ! ಪ್ರಯೋಗ ಮಾಡುವ ಆಸೆಯಿದ್ದರೆ ಸ್ವಂತ ಕಂಪ್ಯೂಟರಿನಲ್ಲಿ ಮಾಡಿ. ಅನುಮತಿಯಿಲ್ಲದೆ ಪರರ ತಾಣಕ್ಕೆ ಕೈಹಾಕಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ 3 ವರ್ಷದವರೆಗೆ ಸೆರೆವಾಸವಿದೆ.