ತೊರೆಗಳ ಹೆಸರನ್ನು ಬರೆದಿಡುವ ಬಗೆ

ಸ್ಕಾಟ್ಲೆಂಡಿನ ವಾಯವ್ಯ ಕರಾವಳಿಯಲ್ಲಿ ಗೇರ್‌ಲಾಖ್ ಎಂಬುದೊಂದು ಪ್ಯಾರಿಷ್ ಉಂಟು. ಪ್ಯಾರಿಷ್ ಎಂದರೆ ಒಂದು ಚರ್ಚಿಗೆ ಒಳಪಟ್ಟ ಗ್ರಾಮಸಮೂಹ. ಜನ ವಿರಳ, ಬೆಟ್ಟ, ಜವುಗುನೆಲ, ಸರೋವರಗಳೇ ಹೆಚ್ಚು. ಆದರೂ ಅಲ್ಲಿಯ ನೆಲದಲ್ಲಿ ಹೆಸರುಗಳು ದಟ್ಟವಾಗಿ ಹರಡಿವೆ. ಅವುಗಳಲ್ಲಿ ಬಹುಪಾಲು ಗೇಲಿಕ್ ಭಾಷೆಯವು.

ಆಲ್ಟ್‌ಬೇ ಎಂಬ ಹಳ್ಳಿಯನ್ನು ನೋಡೋಣ. ಕಡಲಂಚಿನ ಊರಾದುದರಿಂದ, ಇಂಗ್ಲಿಷ್ ಬಲ್ಲವರು 'ಬೇ' ಎಂದರೆ ಕೊಲ್ಲಿಯೆಂದು ಭ್ರಮಿಸಬಹುದು. ಗೇಲಿಕ್ಕಿನಲ್ಲಿ 'ಆಲ್ಟ್' ಎಂದರೆ ತೊರೆ, 'ಬೇಹ' ಎಂದರೆ ಬರ್ಚ್ ಮರ. ಬರ್ಚ್ ಮರಗಳ ತೊರೆಯೆಂದೇ ಊರಿನ ಹೆಸರು. ಹೆಸರಿಟ್ಟ ಕಾಲದಲ್ಲಿ ತೊರೆಯ ದಡದಲ್ಲಿ ಯಾವ ಮರವಿದ್ದಿತೆಂಬುದಕ್ಕೆ ಇದಕ್ಕಿಂತ ಸರಳವಾದ ಸಾಕ್ಷಿ ಬೇಕೆ? ಪೂಲ್ಯೂ ಗ್ರಾಮದ ಬಳಿ 'ಕೆಂಪು ಕಮ್ಮಾರಸಾಲೆ' ಎಂಬರ್ಥದ ಸ್ಥಳವೊಂದಿದೆ. ಹದಿನೇಳನೆಯ ಶತಮಾನದಲ್ಲಿ ಅಲ್ಲಿ ಕಬ್ಬಿಣ ಕರಗಿಸುವ ಕುಲುಮೆಯಿದ್ದಿತು. ಲಾಖ್ ಮರೀ ಸರೋವರವನ್ನು ಕನ್ಯೆ ಮೇರಿಯದೆಂದು ತಿಳಿದವರುಂಟು. ವಾಸ್ತವವಾಗಿ ಅದು ೬೭೩ರಲ್ಲಿ ನೆರೆಯ ಆಪಲ್‌ಕ್ರಾಸ್‌ನಲ್ಲಿ ಮಠವನ್ನು ಸ್ಥಾಪಿಸಿದ ಸಂತ ಮೇಲ್‌ರುಬನ ಹೆಸರು.

ಹತ್ತೊಂಬತ್ತನೆಯ ಶತಮಾನದಲ್ಲಿ ಸರ್ಕಾರದ ಭೂಮಾಪಕರು ಮೈಲಿಗೆ ಆರು ಅಂಗುಲದ ನಕ್ಷೆಗಳಿಗಾಗಿ 'ಹೆಸರಿನ ಪುಸ್ತಕ'ಗಳನ್ನು ಬರೆದರು. ಪ್ರತಿ ಹೆಸರಿನ ಮುಂದೆ ಅದರ ಬೇರೆಬೇರೆ ಬರಹರೂಪಗಳು, ಅವನ್ನು ದೃಢಪಡಿಸಿದವರ ಹೆಸರು, ಸ್ಥಳದ ವಿವರಣೆ. ಕ್ರಮವೇನೋ ಒಳ್ಳೆಯದೇ. ಆದರೆ ದೃಢಪಡಿಸುವ ಮಾತು ಬಂದಾಗ ಜಮೀನುದಾರ, ಪಾದ್ರಿ, ಉಪಾಧ್ಯಾಯರಿಗೆ ಇದ್ದ ಮನ್ನಣೆ ಕುರುಬನಿಗೆ ಇರಲಿಲ್ಲ. ತೊರೆಯನ್ನು ದಿನವೂ ದಾಟುತ್ತಿದ್ದವನು ಅವನೇ! ೧೮೮೬ರಲ್ಲಿ ಡಿಕ್ಸನ್ ತನ್ನ 'ಗೇರ್‌ಲಾಖ್' ಗ್ರಂಥದಲ್ಲಿ ಈ ಹೆಸರುಗಳ ಅರ್ಥಕೋಶವನ್ನು ಸೇರಿಸಿದನು. ೧೯೦೪ರಲ್ಲಿ ಗೇಲಿಕ್ಕೇ ಮನೆಮಾತಾಗಿದ್ದ ವಾಟ್ಸನ್ ಇಡೀ ರಾಸ್ ಪ್ರಾಂತದ ಸ್ಥಳನಾಮಗಳನ್ನು ಶಾಸ್ತ್ರೀಯವಾಗಿ ವಿವೇಚಿಸಿದನು.

ಇಂಥ ವಿವೇಚನೆಗೆ ಬರಹಕ್ಕಿಂತ ಉಚ್ಚಾರಣೆಯೇ ಮುಖ್ಯ. ಗೇಲಿಕ್ ಸಮಾಸದಲ್ಲಿ ಸಾಮಾನ್ಯವಾಗಿ 'ತೊರೆ', 'ಬೆಟ್ಟ' ಎಂಬ ಜಾತಿವಾಚಕವು ಮೊದಲು, ವಿಶೇಷಣವು ಆಮೇಲೆ. ಒತ್ತು ಬೀಳುವುದು ಕೊನೆಯ ಪದದ ಮೇಲೆ. ಆದುದರಿಂದಲೇ ಆಲ್ಟ್‌ಬೇ ಎನ್ನುವಾಗ 'ಬೇ' ಏರುತ್ತದೆ. ಅದೇ ಪ್ಯಾರಿಷ್ಷಿನ ಎರಡೇಲ್ ಎಂಬಲ್ಲಿ ಮೊದಲ ಅಕ್ಷರಕ್ಕೆ ಒತ್ತು. ಅಲ್ಲಿ 'ಡೇಲ್' ಎಂದರೆ ಕಣಿವೆ. ಜಾತಿವಾಚಕ ಕೊನೆಗೆ ಬಂದಿದೆ. ಅದು ಹಡಗುಗಳಲ್ಲಿ ಬಂದು ನೆಲೆಸಿದ ನಾರ್ಸ್ ಜನರು ಬಿಟ್ಟುಹೋದ ಹೆಸರು. ಅಕ್ಷರಗಳನ್ನು ಮಾತ್ರ ನೋಡುವವನಿಗೆ ಈ ಒತ್ತಿನ ಸುಳಿವು ಸಿಕ್ಕದು. ೧೯೫೧ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾನಿಲಯದಲ್ಲಿ ಸ್ಥಾಪಿತವಾದ ಸ್ಕಾಟಿಷ್ ಅಧ್ಯಯನ ಶಾಲೆಯವರು ಧ್ವನಿಮುದ್ರಣ ಯಂತ್ರವನ್ನು ಹೊತ್ತು ವೃದ್ಧರ ಮನೆಗಳಿಗೆ ಹೋದದ್ದು ಸುಮ್ಮನೆ ಅಲ್ಲ.

೧೮೯೧ರ ಜನಗಣತಿಯಲ್ಲಿ ಸ್ಕಾಟ್ಲೆಂಡಿನ ಗೇಲಿಕ್ ಭಾಷಿಕರು ಎರಡೂವರೆ ಲಕ್ಷವಿದ್ದರು. ೨೦೧೧ರಲ್ಲಿ ಸುಮಾರು ೫೭,೦೦೦. ೨೦೨೨ರ ಗಣತಿಯಲ್ಲಿ ಸಂಖ್ಯೆ ಕೊಂಚ ಏರಿದೆ, ಸಂತೋಷವೇ. ಆದರೆ ಪಟ್ಟಣದ ಶಾಲೆಯಲ್ಲಿ ಭಾಷೆ ಕಲಿತವರಿಗೆ ಬೆಟ್ಟದ ಹಿಂದಣ ತಗ್ಗಿನ ಹೆಸರು ತಿಳಿದೀತೇ? ಬೇಸಿಗೆಯಲ್ಲಿ ದನಗಳೊಡನೆ ಬೆಟ್ಟವೇರಿ ತಂಗುತ್ತಿದ್ದ ಗುಡಿಸಲುಗಳಿಗೆ ಗೇಲಿಕ್ಕಿನಲ್ಲಿ 'ಆರಿ' ಎನ್ನುವರು. ಆ ಪದ್ಧತಿ ನಿಂತುಹೋಗಿದೆ. ಅಲ್ಲಿಯ ಬಂಡೆ, ಊಟೆ, ಹಳ್ಳಗಳ ಹೆಸರುಗಳಲ್ಲಿ ಎಷ್ಟೋ ನಕ್ಷೆಗೆ ಏರಲೇ ಇಲ್ಲ. ಅವನ್ನು ಬರೆದುಕೊಳ್ಳಬೇಕಾದರೆ ಬಲ್ಲವರನ್ನು ಅವರ ಜೀವಿತಕಾಲದಲ್ಲಿಯೇ ಕೇಳಬೇಕು.